ನಗರದ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ನೀರು ಕೈಗಾರಿಕಾ ಪ್ರದೇಶಕ್ಕೆ: ಪಾಲಿಕೆ ಜೊತೆ ಒಪ್ಪಂದಕ್ಕೆ ಮುಂಚೆ ಏನೇನು ನೋಡಬೇಕು?

ಎಸ್ಟೇಟ್ ಕಾರ್ಯದರ್ಶಿ (ಪ್ರಶ್ನೆ)

ಬಯಲುಸೀಮೆಯ ಒಂದು ಜಿಲ್ಲಾ ಕೇಂದ್ರ. ಕೆಐಎಡಿಬಿ ಪ್ರದೇಶದಲ್ಲಿ 62 ಘಟಕಗಳಿವೆ. ಎಲ್ಲ ಸೇರಿ ದಿನಕ್ಕೆ 18 ಲಕ್ಷ ಲೀಟರ್ ನೀರು ಬೇಕು. ಕೂಲಿಂಗ್ ಟವರ್‌ಗಳಿಗೆ 7 ಲಕ್ಷ, ಬಟ್ಟೆಗೆ ಬಣ್ಣ ಹಾಕುವ ಮತ್ತು ತೊಳೆಯುವ ಘಟಕಗಳಿಗೆ 5 ಲಕ್ಷ, ಬಾಯ್ಲರ್‌ಗೆ ಒಂದೂವರೆ ಲಕ್ಷ, ಶೌಚಾಲಯ ಮತ್ತು ಗಿಡಗಳಿಗೆ ಎರಡೂವರೆ ಲಕ್ಷ, ಕುಡಿಯಲು ಮತ್ತು ಕ್ಯಾಂಟೀನ್‌ಗೆ 2 ಲಕ್ಷ. ಈಗ ಎಲ್ಲವೂ ಬೋರ್‌ವೆಲ್ ಮತ್ತು ಟ್ಯಾಂಕರ್ ಮೇಲೆ ನಡೀತಿದೆ. ಬೋರ್ ನೀರಿನ ಟಿಡಿಎಸ್ (ಕರಗಿದ ಲವಣಗಳ ಅಳತೆ) 1,400 ಇದೆ, ಬೇಸಿಗೆಯಲ್ಲಿ ಅರ್ಧಕ್ಕರ್ಧ ಬೋರ್‌ಗಳು ನಿಂತುಹೋಗುತ್ತವೆ.

ನಗರದ ಎಸ್‌ಟಿಪಿ ನಮ್ಮಿಂದ ಆರೂವರೆ ಕಿಲೋಮೀಟರ್ ದೂರದಲ್ಲಿದೆ. 10 ಎಂಎಲ್‌ಡಿ (ದಿನಕ್ಕೆ 100 ಲಕ್ಷ ಲೀಟರ್) ಸಾಮರ್ಥ್ಯದ ಎಸ್‌ಬಿಆರ್ ಘಟಕ, ಅಂದರೆ ತೊಟ್ಟಿಯಲ್ಲಿ ಸರದಿಯಂತೆ ನೀರು ತುಂಬಿಸಿ ಶುದ್ಧೀಕರಿಸುವಂಥದ್ದು. ಈಗ ಬರುತ್ತಿರುವುದು 6 ಎಂಎಲ್‌ಡಿ ಎನ್ನುತ್ತಾರೆ. ಸಂಸ್ಕರಿಸಿದ ನೀರು ಹಳ್ಳಕ್ಕೆ ಹೋಗಿ ಕೆಳಗಿನ ಕೆರೆ ಸೇರುತ್ತದೆ. ನಮ್ಮ ಪ್ರದೇಶ ಎಸ್‌ಟಿಪಿಗಿಂತ 28 ಮೀಟರ್ ಎತ್ತರದಲ್ಲಿದೆ. ಪಾಲಿಕೆ ಆಯುಕ್ತರು ನೀರು ಕೊಡಲು ಒಪ್ಪಿದ್ದಾರೆ, ಕರಡು ಒಪ್ಪಂದ ನೀವೇ ತನ್ನಿ ಎಂದಿದ್ದಾರೆ. ಕೈಲಿರುವ ಲ್ಯಾಬ್ ವರದಿಯಲ್ಲಿ ಬಿಒಡಿ (ಕೊಳೆಯುವ ಸಾವಯವ ಕಲ್ಮಶದ ಅಳತೆ) 8, ತೇಲುವ ಘನಕಣ 12, ಪಿಎಚ್ 7.4 ಅಂತಿದೆ.

ಕೇಳಬೇಕಾದ್ದು ಮೂರು. ಈ ನೀರು ಹೀಗೇ ಬಳಸಲು ಸಾಕೇ, ಅಥವಾ ಮತ್ತೆ ಶುದ್ಧೀಕರಿಸಬೇಕೇ, ಬೇಕಾದರೆ ಅದನ್ನು ಎಲ್ಲಿ ಮಾಡಬೇಕು? ಪೈಪ್‌ಲೈನ್ ಯಾವ ಅಳತೆಯದು? ದುಡ್ಡು ಯಾರು ಹಾಕಬೇಕು, ಸದಸ್ಯ ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ಬಳಸಬಹುದೇ?

ನೀರಗಂಟಿ (ಉತ್ತರ)

ಆ ಲ್ಯಾಬ್ ವರದಿ ಇಟ್ಟುಕೊಂಡು ಏನನ್ನೂ ತೀರ್ಮಾನಿಸಬೇಡಿ. ಅದು ನೀರನ್ನು ಹಳ್ಳಕ್ಕೆ ಬಿಡಬಹುದೇ ಎಂದು ನೋಡುವ ವರದಿ. ಕಾರ್ಖಾನೆಗೆ ಬೇಕಾದ ಸಂಗತಿಗಳು ಅದರಲ್ಲಿಲ್ಲ: ಟಿಡಿಎಸ್, ಅಮೋನಿಯಾ ಸಾರಜನಕ, ಒಟ್ಟು ರಂಜಕ, ಗಡಸುತನ, ಕ್ಯಾಲ್ಸಿಯಂ, ಕ್ಷಾರೀಯತೆ, ಕ್ಲೋರೈಡ್, ಸಿಲಿಕಾ, ಕಬ್ಬಿಣ, ಸಿಒಡಿ (ರಾಸಾಯನಿಕವಾಗಿ ಅಳೆಯುವ ಒಟ್ಟು ಕಲ್ಮಶ), ಎಣ್ಣೆ ಜಿಡ್ಡು, ಫೀಕಲ್ ಕಾಲಿಫಾರ್ಮ್ (ಮಲದ ಬ್ಯಾಕ್ಟೀರಿಯಾ). ಒಂದು ಬಾಟಲಿ ತುಂಬಿಸಿ ತಂದ ಮಾದರಿಯೂ ಸಾಲದು. ಗಂಟೆಗೊಮ್ಮೆ ತೆಗೆದು 24 ಗಂಟೆಯದನ್ನು ಬೆರೆಸಿದ ಮಾದರಿ ಬೇಕು. ವಾರದ ದಿನ ಒಂದು, ಭಾನುವಾರ ಒಂದು. ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ. ಕಾಲಿಫಾರ್ಮ್ ಮಾತ್ರ ಬೆರೆಸಿದ ಮಾದರಿಯಲ್ಲಿ ನೋಡುವಂತಿಲ್ಲ, ಅದಕ್ಕೆ ಸ್ಟೆರೈಲ್ ಬಾಟಲಿಯಲ್ಲಿ ಬೇರೆಯಾಗಿ ತೆಗೆದು ಐಸ್‌ನಲ್ಲಿ ಇಟ್ಟು ಅಂದೇ ಲ್ಯಾಬ್‌ಗೆ ಮುಟ್ಟಿಸಬೇಕು.

ಟಿಡಿಎಸ್ ಬಗ್ಗೆ ಮೊದಲೇ ಒಂದು ಅಂದಾಜು ಸಿಗುತ್ತದೆ. ಊರಿಗೆ ಸರಬರಾಜಾಗುವ ನೀರಿನ ಟಿಡಿಎಸ್ ಎಷ್ಟೋ ಅದಕ್ಕೆ 250ರಿಂದ 400 ಸೇರಿಸಿ. ಮನೆ ಬಳಕೆಯಲ್ಲಿ ಸೇರುವ ಲವಣ ಅಷ್ಟು. ನದಿ ನೀರು ಬರುವ ಊರಾದರೆ ಕೊಳಚೆ 500–600ರಲ್ಲಿ ನಿಲ್ಲುತ್ತದೆ. ಅರ್ಧ ಊರು ಬೋರ್ ನೀರು ಕುಡಿಯುತ್ತಿದ್ದರೆ ಸಾವಿರ ದಾಟುತ್ತದೆ. ಎಸ್‌ಟಿಪಿ ಎಷ್ಟೇ ಚೆನ್ನಾಗಿ ನಡೆದರೂ ಕರಗಿದ ಲವಣವನ್ನು ತೆಗೆಯುವುದಿಲ್ಲ.

ಮುಂದಿನದು ಹರಿವು. 6 ಎಂಎಲ್‌ಡಿ ಎನ್ನುವುದು ಮೀಟರ್ ಓದಿದ ಲೆಕ್ಕವೋ ಪಂಪ್ ಓಡಿದ ಗಂಟೆಗಳಿಂದ ಊಹಿಸಿದ್ದೋ ಕೇಳಿ. ಎಷ್ಟೋ ಕಡೆ ಎರಡನೆಯದೇ ಇರುತ್ತದೆ. ಕನಿಷ್ಠ ಹರಿವು ಎಷ್ಟೆಂದು ತಿಳಿಯಲು ರಾತ್ರಿ 2ರಿಂದ 5ರವರೆಗಿನ ಒಳಹರಿವು ನೋಡಿ. ಇನ್ನೊಂದು: ಎಸ್‌ಬಿಆರ್ ನೀರನ್ನು ಒಂದೇ ಸಮ ಬಿಡುವುದಿಲ್ಲ. ಗಾಳಿ ಊದಿ, ಕೆಸರು ತಳಕ್ಕಿಳಿಯಲು ಬಿಟ್ಟು, ಮೇಲಿನ ತಿಳಿಯನ್ನು ಡಿಕ್ಯಾಂಟರ್ ಇಳಿಸಿ ಹೊರಗೆ ಹಾಕುತ್ತದೆ. ಆ ಒಂದು ಗಂಟೆ ಭಾರಿ ಹರಿವು, ಆಮೇಲೆ ಏನೂ ಇಲ್ಲ. ನಿಮ್ಮ ಫಿಲ್ಟರಿಗೆ ಸಮನಾದ ಹರಿವು ಬೇಕು. ಹಾಗಾಗಿ ಎಸ್‌ಟಿಪಿ ಆವರಣದಲ್ಲೇ ಆರು ಗಂಟೆಯ ನೀರು ಹಿಡಿಯುವ ತೊಟ್ಟಿ ಬೇಕು, ನಿಮ್ಮ ಪ್ರಮಾಣಕ್ಕೆ ಸುಮಾರು 5 ಲಕ್ಷ ಲೀಟರ್. ತೊಟ್ಟಿ ಮುಚ್ಚಿರಲಿ. ರಂಜಕ ಇರುವ ನೀರಿಗೆ ಬಿಸಿಲು ಬಿದ್ದರೆ ವಾರದಲ್ಲಿ ಪಾಚಿ ಕಟ್ಟಿ ಫಿಲ್ಟರ್ ಮುಚ್ಚಿಹೋಗುತ್ತದೆ.

ಎಲ್ಲಿ, ಎಷ್ಟು ಶುದ್ಧೀಕರಿಸಬೇಕು ಎಂಬ ಪ್ರಶ್ನೆ. ಎಲ್ಲರಿಗೂ ಒಂದೇ ಗುಣಮಟ್ಟದ ನೀರು ಕೊಡಲು ಹೊರಟರೆ ಯೋಜನೆ ಮುಳುಗುತ್ತದೆ. ಬಳಕೆ ನೋಡಿ ಭಾಗ ಮಾಡಿ. ಶೌಚಾಲಯ, ಗಿಡ, ಕೂಲಿಂಗ್ ಟವರ್ ಇವಕ್ಕೆ ಅಲ್ಟ್ರಾಫಿಲ್ಟರ್ (ಯುಎಫ್, ಸೂಕ್ಷ್ಮ ರಂಧ್ರದ ಪೊರೆಯಲ್ಲಿ ಸೋಸುವುದು) ಆಗಿ ಕ್ಲೋರಿನ್ ಬಿದ್ದ ನೀರು ಸಾಕು. ಬಾಯ್ಲರ್ ಮತ್ತು ಬಣ್ಣದ ಘಟಕಕ್ಕೆ ಮಾತ್ರ ಆರ್‌ಒ, ಅಂದರೆ ಕರಗಿದ ಲವಣವನ್ನೂ ತೆಗೆಯುವ ಪೊರೆ. ಕುಡಿಯುವ ಮತ್ತು ಕ್ಯಾಂಟೀನ್‌ನ 2 ಲಕ್ಷವನ್ನು ಈ ಲೆಕ್ಕದಿಂದಲೇ ತೆಗೆದುಹಾಕಿ, ಅದು ಬೇರೆ ಮೂಲ, ಬೇರೆ ಪೈಪು.

ನಿಮ್ಮ ಅಂಕಿಗಳಲ್ಲೇ ಲೆಕ್ಕ ಹಾಕೋಣ. ಆರ್‌ಒ ನೀರು ಆರೂವರೆ ಲಕ್ಷ ಬೇಕು. ನೂರು ಲೀಟರ್ ಹಾಕಿದರೆ 75 ಲೀಟರ್ ಸಿಗುತ್ತದೆ ಎಂದುಕೊಂಡರೆ ಆರ್‌ಒಗೆ 8.7 ಲಕ್ಷ ಹೋಗಬೇಕು, 2.2 ಲಕ್ಷ ರಿಜೆಕ್ಟ್ (ಲವಣ ತುಂಬಿದ ಉಳಿಕೆ ನೀರು) ಹೊರಬರುತ್ತದೆ. ಅದಕ್ಕೆ ಟವರ್‌ನ 7 ಲಕ್ಷ, ಶೌಚಾಲಯದ ಎರಡೂವರೆ ಲಕ್ಷ ಸೇರಿದರೆ ಯುಎಫ್ ನೀರು 18.2 ಲಕ್ಷ. ಯುಎಫ್ ತನ್ನ ಬ್ಯಾಕ್‌ವಾಶ್‌ಗೆ (ಪೊರೆಯನ್ನು ಹಿಮ್ಮುಖವಾಗಿ ತೊಳೆಯಲು) ಶೇ 8ರಷ್ಟು ತಿನ್ನುತ್ತದೆ. ಅಂದರೆ ಎಸ್‌ಟಿಪಿಯಿಂದ ಎತ್ತಬೇಕಾದ್ದು ಹತ್ತಿರ ಹತ್ತಿರ 20 ಲಕ್ಷ ಲೀಟರ್, 2 ಎಂಎಲ್‌ಡಿ.

ಯುಎಫ್ ಘಟಕವನ್ನು ಎಸ್‌ಟಿಪಿಯಲ್ಲೇ ಇಡಿ. ಬ್ಯಾಕ್‌ವಾಶ್ ನೀರು ಅಲ್ಲೇ ಒಳಹರಿವಿಗೆ ವಾಪಸ್ ಹೋಗುತ್ತದೆ. ಆರ್‌ಒ ಮಾತ್ರ ನಿಮ್ಮ ಕಡೆ ಇರಲಿ. ಎಸ್‌ಟಿಪಿಯಲ್ಲಿ ಆರ್‌ಒ ಇಟ್ಟು ರಿಜೆಕ್ಟ್ ಅನ್ನು ಅದೇ ಎಸ್‌ಟಿಪಿಗೆ ಬಿಟ್ಟರೆ ಲವಣ ಸುತ್ತು ಹೊಡೆದು ಟಿಡಿಎಸ್ ಏರುತ್ತಲೇ ಹೋಗುತ್ತದೆ. ಹಳ್ಳಕ್ಕೆ ಬಿಟ್ಟರೆ ಕೆರೆ ಕೆಡುತ್ತದೆ.

ಸೂರತ್ ಪಾಲಿಕೆ 2014ರಿಂದ ಬಾಮ್ರೋಲಿಯ 40 ಎಂಎಲ್‌ಡಿ ಘಟಕದಿಂದ ಪಾಂಡೇಸರದ ಬಟ್ಟೆ ಕಾರ್ಖಾನೆಗಳಿಗೆ ಹೀಗೆ ನೀರು ಮಾರುತ್ತಿದೆ. ಚೆನ್ನೈಯಲ್ಲಿ ಕೋಯಂಬೇಡು ಮತ್ತು ಕೊಡುಂಗೈಯೂರಿನಲ್ಲಿ ತಲಾ 45 ಎಂಎಲ್‌ಡಿಯ ಆರ್‌ಒ ಘಟಕಗಳಿವೆ; ಕೋಯಂಬೇಡಿನ ನೀರು ಶ್ರೀಪೆರಂಬದೂರು, ಒರಗಡಂ ಕಡೆಯ ಕೈಗಾರಿಕಾ ಪ್ರದೇಶಗಳವರೆಗೆ ಹೋಗುತ್ತದೆ. ಇವು ಕಡಲ ಪಕ್ಕದ ಊರುಗಳು, ರಿಜೆಕ್ಟ್ ಬಿಡಲು ಕಡಲು ಹತ್ತಿರವಿದೆ. ಒಳನಾಡಿನವರು ಆ ನಕ್ಷೆಯನ್ನು ಹಾಗೆಯೇ ತಂದರೆ ರಿಜೆಕ್ಟ್ ವಿಷಯದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ.

ಬಾಯ್ಲರ್ ಮನೆ (ಉತ್ತರ)

ನೀರಗಂಟಿಯವರು ಅಮೋನಿಯಾವನ್ನು ಪಟ್ಟಿಯಲ್ಲಿ ಹೇಳಿ ಮುಂದೆ ಹೋದರು. ನನ್ನ ಪ್ರಕಾರ ಇಡೀ ಯೋಜನೆಯ ಹಣೆಬರಹ ಅದರ ಮೇಲೆ ನಿಂತಿದೆ.

ಅಮೋನಿಯಾ ತಾಮ್ರ ಮತ್ತು ಹಿತ್ತಾಳೆಯನ್ನು ತಿನ್ನುತ್ತದೆ. ಚಿಲ್ಲರ್ ಕಂಡೆನ್ಸರ್‌ನಲ್ಲಿ ತಾಮ್ರದ ಟ್ಯೂಬ್ ಇದ್ದರೆ, ಟವರ್‌ನಲ್ಲಿ ಸುತ್ತುವ ನೀರಿನಲ್ಲಿ ಅಮೋನಿಯಾ 1 ಮಿ.ಗ್ರಾಂ ಒಳಗಿರಬೇಕು. ಎಸ್‌ಟಿಪಿ ನೀರಿನಲ್ಲಿ 5 ಇದ್ದರೆ ಟವರ್‌ನ ಗಾಳಿಗೆ ಒಂದಷ್ಟು ಹಾರಿಹೋಗುತ್ತದೆ ನಿಜ, ಆದರೆ ಅದನ್ನು ನಂಬಿ ಟ್ಯೂಬ್ ಕಳೆದುಕೊಳ್ಳಬಾರದು. ಎರಡನೇ ತೊಂದರೆ ಕ್ಲೋರಿನ್. ನೀರಿನಲ್ಲಿ ಅಮೋನಿಯಾ ಇದ್ದಷ್ಟು ಕಾಲ ನೀವು ಹಾಕಿದ ಹೈಪೋಕ್ಲೋರೈಟ್ ಎಲ್ಲ ಕ್ಲೋರಮೈನ್ ಆಗಿ ಕೂರುತ್ತದೆ. ಮುಕ್ತ ಕ್ಲೋರಿನ್ ಸಿಗಬೇಕಾದರೆ ಅಮೋನಿಯಾ ಸಾರಜನಕದ 8ರಿಂದ 10 ಪಟ್ಟು ಕ್ಲೋರಿನ್ ಸುರಿಯಬೇಕು. 5 ಮಿ.ಗ್ರಾಂ ಅಮೋನಿಯಾಗೆ 40–50 ಮಿ.ಗ್ರಾಂ ಕ್ಲೋರಿನ್ ಎಂದರೆ ರಾಸಾಯನಿಕದ ಬಿಲ್ ಜೊತೆಗೆ ಕ್ಲೋರೈಡ್ ಕೂಡ ಏರುತ್ತದೆ. ಇದನ್ನು ನಿಮ್ಮ ಕಡೆ ಸರಿಮಾಡಲು ಹೋಗಬೇಡಿ. ಎಸ್‌ಬಿಆರ್‌ನಲ್ಲಿ ಗಾಳಿ ಸಾಕಷ್ಟು ಊದಿದರೆ ಬ್ಯಾಕ್ಟೀರಿಯಾಗಳೇ ಅಮೋನಿಯಾವನ್ನು ನೈಟ್ರೇಟ್ ಮಾಡುತ್ತವೆ. ಗಾಳಿ ಹಂತದ ಕೊನೆಯಲ್ಲಿ ಕರಗಿದ ಆಮ್ಲಜನಕ 2 ಮಿ.ಗ್ರಾಂ ಇರಬೇಕು, ಕೆಸರಿನ ವಯಸ್ಸು ಹತ್ತು ದಿನಕ್ಕೆ ಕಡಿಮೆಯಾಗಬಾರದು. ಹೊರಹೋಗುವ ನೀರಿನಲ್ಲಿ ಅಮೋನಿಯಾ 1–2ರ ಒಳಗೆ ನಿಲ್ಲುತ್ತದೆ. ಬಿಒಡಿ 8 ಇದ್ದೂ ಅಮೋನಿಯಾ 15 ಇರಬಹುದು. ನಿಮ್ಮ ವರದಿಯಿಂದ ಇದು ಗೊತ್ತೇ ಆಗುವುದಿಲ್ಲ.

ಟವರ್‌ನಲ್ಲಿ ಆವಿಯಾದಷ್ಟು ನೀರು ಶುದ್ಧ, ಉಳಿದದ್ದು ದಪ್ಪಗಾಗುತ್ತಾ ಹೋಗುತ್ತದೆ. ಎಷ್ಟು ಪಟ್ಟು ದಪ್ಪಗಾಗಲು ಬಿಡುತ್ತೀರಿ ಎನ್ನುವುದರ ಮೇಲೆ ನೀರಿನ ಖರ್ಚು ನಿಂತಿದೆ. ದಿನಕ್ಕೆ 100 ಕಿಲೋಲೀಟರ್ ಆವಿಯಾಗುವ ಟವರ್‌ಗೆ 5 ಪಟ್ಟಿನಲ್ಲಿ ನಡೆಸಿದರೆ 125 ಕಿಲೋಲೀಟರ್ ತುಂಬಬೇಕು, 3 ಪಟ್ಟಿನಲ್ಲಿ 150, 2 ಪಟ್ಟಿನಲ್ಲಿ 200. ಎಸ್‌ಟಿಪಿ ನೀರಿನ ಟಿಡಿಎಸ್ 900 ಇದ್ದು ಟವರ್‌ನಲ್ಲಿ 2,700 ದಾಟಬಾರದು ಎಂದಿಟ್ಟುಕೊಂಡರೆ 3 ಪಟ್ಟು. ಸಿಲಿಕಾ ಕೂಡ ತಡೆಯಬಹುದು. ನಮ್ಮ ಗ್ರಾನೈಟ್ ನೆಲದ ಬೋರ್ ನೀರಿನಲ್ಲಿ ಸಿಲಿಕಾ ಜಾಸ್ತಿ, ಅದು ಕೊಳಚೆಗೂ ಬರುತ್ತದೆ. ತುಂಬುವ ನೀರಿನಲ್ಲಿ 50 ಇದ್ದರೆ, ಟವರ್‌ನಲ್ಲಿ 150ರ ಮಿತಿಗೆ ಮೂರೇ ಪಟ್ಟು. ಸಿಲಿಕಾ ಪದರ ಒಮ್ಮೆ ಕೂತರೆ ಮಾಮೂಲಿ ಆಮ್ಲಕ್ಕೆ ಬಿಡುವುದಿಲ್ಲ.

ರಂಜಕ ಮತ್ತು ಕ್ಯಾಲ್ಸಿಯಂ ಸೇರಿ ಬಿಸಿ ಟ್ಯೂಬ್ ಮೇಲೆ ಬಿಳಿ ಪದರ ಕಟ್ಟುತ್ತವೆ. ಈಗ ಬೋರ್ ನೀರಿಗೆ ಫಾಸ್ಫೇಟ್ ಆಧಾರಿತ ತುಕ್ಕುನಿರೋಧಕ ಬಳಸುತ್ತಿದ್ದರೆ, ಎಸ್‌ಟಿಪಿ ನೀರು ಬಂದ ದಿನವೇ ರಾಸಾಯನಿಕ ಕಂಪನಿಯವರನ್ನು ಕೂರಿಸಿಕೊಂಡು ಪ್ರೋಗ್ರಾಂ ಬದಲಿಸಿ. ಹಳೆಯದನ್ನೇ ಮುಂದುವರಿಸಿದರೆ ರಂಜಕ ಎರಡೂ ಕಡೆಯಿಂದ ಸೇರಿ ಹೆಚ್ಚಾಗುತ್ತದೆ. ಪ್ಲೇಟ್ ಹೀಟ್ ಎಕ್ಸ್‌ಚೇಂಜರ್ 304 ಸ್ಟೀಲಿನದಾದರೆ ಟವರ್‌ನ ಕ್ಲೋರೈಡ್ 200ರ ಆಚೆ ಬಿಡಬೇಡಿ, ಗ್ಯಾಸ್ಕೆಟ್ ಸಂದಿಯಲ್ಲಿ ತೂತು ಬೀಳುತ್ತದೆ.

ಬಣ್ಣದ ಘಟಕದವರಿಗೆ ಬೇರೆ ಚಿಂತೆ. ಕಬ್ಬಿಣ 0.1 ದಾಟಿದರೆ ಬಟ್ಟೆ ಮೇಲೆ ಕಲೆ, ಉಳಿದ ಕ್ಲೋರಿನ್ ರಿಯಾಕ್ಟಿವ್ ಬಣ್ಣವನ್ನು ಮಾಸಿಸುತ್ತದೆ. ಆರ್‌ಒ ಹಾಕಿದರೂ ಅದಕ್ಕೆ ಮುಂಚೆ ಬೈಸಲ್ಫೈಟ್ ಹಾಕಿ ಕ್ಲೋರಿನ್ ತೆಗೆಯಲೇಬೇಕು, ಪೊರೆಯೂ ಉಳಿಯುತ್ತದೆ.

62 ಘಟಕಗಳನ್ನು ಒಂದೇ ಸಲ ಇದಕ್ಕೆ ಇಳಿಸಬೇಡಿ. ಟ್ಯಾಂಕರ್‌ನಲ್ಲಿ ತಂದ ಎಸ್‌ಟಿಪಿ ನೀರನ್ನು ಬಾಡಿಗೆ ಯುಎಫ್ ಸ್ಕಿಡ್‌ನಲ್ಲಿ ಹಾಯಿಸಿ ಒಂದೇ ಟವರ್‌ಗೆ 90 ದಿನ ಕೊಡಿ. ಮೃದು ಉಕ್ಕು ಮತ್ತು ತಾಮ್ರದ ಕೂಪನ್‌ಗಳನ್ನು (ಸವೆತ ಅಳೆಯುವ ಲೋಹದ ಪಟ್ಟಿಗಳು) ತೂಕ ಮಾಡಿ ಟವರ್ ನೀರಿನಲ್ಲಿ ಇಳಿಬಿಡಿ, ಕೊನೆಗೆ ಮತ್ತೆ ತೂಗಿ. ಉಕ್ಕು ವರ್ಷಕ್ಕೆ 0.075 ಮಿ.ಮೀ. ಲೆಕ್ಕಕ್ಕಿಂತ ಹೆಚ್ಚು ಸವೆದಿದ್ದರೆ ರಾಸಾಯನಿಕ ಸರಿಯಾಗಿಲ್ಲ ಎಂದರ್ಥ. ಜೊತೆಗೆ ಟವರ್‌ನ ಡ್ರಿಫ್ಟ್ ಎಲಿಮಿನೇಟರ್ (ತುಂತುರು ಹೊರಹೋಗದಂತೆ ತಡೆಯುವ ಭಾಗ) ಹರಿದಿದ್ದರೆ ಮೊದಲು ಬದಲಿಸಿ. ಲೀಜಿಯೊನೆಲ್ಲ ಬ್ಯಾಕ್ಟೀರಿಯಾ ಹರಡುವುದು ಆ ತುಂತುರಿನಲ್ಲೇ, ಟವರ್ ಪಕ್ಕದಲ್ಲೇ ಕಚೇರಿಯ ಎಸಿ ಗಾಳಿ ಎಳೆದುಕೊಳ್ಳುತ್ತಿದ್ದರೆ ಅಪಾಯ ನೇರ.

ಏರುಕೊಳವೆ (ಉತ್ತರ)

ಪೈಪ್ ಅಳತೆಗೆ ಬರುತ್ತೇನೆ. ವಿದ್ಯುತ್ ಕಡಿತಕ್ಕೆ ಅವಕಾಶ ಬಿಟ್ಟು ದಿನಕ್ಕೆ 20 ಗಂಟೆ ಪಂಪ್ ಎಂದುಕೊಳ್ಳಿ. ಯುಎಫ್ ದಾಟಿ ಪೈಪಿಗೆ ಬರುವುದು 18.2 ಲಕ್ಷ; ಸ್ವಲ್ಪ ಹೆಚ್ಚಾಗಿ 20 ಲಕ್ಷ ಲೀಟರ್ ಹಿಡಿದರೆ ಗಂಟೆಗೆ 100 ಘನ ಮೀಟರ್.

200 ಮಿ.ಮೀ. ಡಿಐ (ಡಕ್ಟೈಲ್ ಕಬ್ಬಿಣ) ಪೈಪಿನಲ್ಲಿ ವೇಗ ಸೆಕೆಂಡಿಗೆ 0.88 ಮೀಟರ್, ಆರೂವರೆ ಕಿಲೋಮೀಟರಿಗೆ ಘರ್ಷಣೆ ನಷ್ಟ ಸುಮಾರು 28 ಮೀಟರ್. ಎತ್ತರ 28, ಬೆಂಡು ವಾಲ್ವುಗಳದ್ದು ಸೇರಿ ಪಂಪ್ ಹೆಡ್ (ಪಂಪ್ ನೀರನ್ನು ಎತ್ತಬೇಕಾದ ಒಟ್ಟು ಎತ್ತರ) 60 ಮೀಟರ್ ಹಿಡಿಯಿರಿ. ಪಂಪ್ ಮೋಟರ್ ಒಟ್ಟು ದಕ್ಷತೆ ಶೇ 65 ಎಂದರೆ ಸಾವಿರ ಲೀಟರಿಗೆ ಕಾಲು ಯೂನಿಟ್ ವಿದ್ಯುತ್. 250 ಮಿ.ಮೀ. ಹಾಕಿದರೆ ನಷ್ಟ 9–10 ಮೀಟರಿಗೆ ಇಳಿಯುತ್ತದೆ, ಹೆಡ್ 40, ದಿನಕ್ಕೆ 160 ಯೂನಿಟ್ ಉಳಿತಾಯ. ಆ ಉಳಿತಾಯ 15 ವರ್ಷದಲ್ಲಿ ಪೈಪಿನ ಹೆಚ್ಚುವರಿ ಬೆಲೆಯನ್ನು ತೀರಿಸುತ್ತದೆಯೇ ಎಂದು ಕೊಟೇಶನ್ ಇಟ್ಟು ನೋಡಿ. ಮುಂದೆ 3 ಎಂಎಲ್‌ಡಿಗೆ ಹೋಗುವ ಯೋಚನೆ ಇದ್ದರೆ 250 ಬಿಟ್ಟು ಬೇರೆ ದಾರಿ ಇಲ್ಲ. 150 ಮಿ.ಮೀ. ಎಂದು ಯಾರಾದರೂ ಅಗ್ಗದ ಸಲಹೆ ಕೊಟ್ಟರೆ ಒಪ್ಪಬೇಡಿ, ಘರ್ಷಣೆಯೇ ನೂರು ಮೀಟರ್ ದಾಟುತ್ತದೆ.

ಟೆಂಡರ್‌ನಲ್ಲಿ ಒಂದು ತಪ್ಪು ಪದೇ ಪದೇ ಆಗುತ್ತದೆ. ಎಚ್‌ಡಿಪಿಇ (ಪ್ಲಾಸ್ಟಿಕ್) ಪೈಪನ್ನು ಹೊರ ವ್ಯಾಸದಿಂದ ಕರೆಯುತ್ತಾರೆ. "200 ಎಂಎಂ ಎಚ್‌ಡಿಪಿಇ, ಪಿಎನ್ 10" ಎಂದರೆ ಒಳಗಿನ ದಾರಿ 176 ಮಿ.ಮೀ. ಮಾತ್ರ. ಗೋಡೆ ನಯವಾಗಿದ್ದರೂ ನಷ್ಟ ಡಿಐ ಪೈಪಿನ ಒಂದೂವರೆ ಪಟ್ಟು ಆಗುತ್ತದೆ. ಪಂಪ್ 60 ಮೀಟರಿಗೆ ಕೊಂಡಿರುತ್ತೀರಿ, ಆ ಕಡೆ ನೀರು ಅರ್ಧಂಬರ್ಧ ಬರುತ್ತದೆ. ಟೆಂಡರಿನಲ್ಲಿ ಒಳ ವ್ಯಾಸ ಎಂದೇ ಬರೆಯಿಸಿ.

ಏರುವ ಲೈನ್ ಆದ್ದರಿಂದ ಕರೆಂಟ್ ಹೋದ ಕ್ಷಣ ನೀರು ಹಿಂದಕ್ಕೆ ಬಡಿಯುತ್ತದೆ. ಪಂಪ್ ಬಳಿ ಏರ್ ವೆಸೆಲ್ ಅಥವಾ ದಾರಿಯಲ್ಲಿ ಝೀರೋ ವೆಲಾಸಿಟಿ ವಾಲ್ವ್ ಬೇಕು, ಸರ್ಜ್ (ಈ ಬಡಿತದ ಒತ್ತಡ) ಲೆಕ್ಕ ಮಾಡಿಸದೆ ಅಂದಾಜಿನಲ್ಲಿ ಹಾಕಬಾರದು. ದಿಬ್ಬಗಳಲ್ಲಿ ಏರ್ ವಾಲ್ವ್, ತಗ್ಗುಗಳಲ್ಲಿ ಪೈಪ್ ಖಾಲಿ ಮಾಡುವ ಸ್ಕೌರ್ ವಾಲ್ವ್. ಸ್ಕೌರ್ ನೀರು ಯಾರ ಹೊಲಕ್ಕೆ ಹೋಗುತ್ತದೆ ಎಂದು ಮೊದಲೇ ನೋಡಿ.

ಕುಡಿಯುವ ನೀರಿನ ಪೈಪಿನಿಂದ ಅಡ್ಡಕ್ಕೆ 3 ಮೀಟರ್ ದೂರ, ದಾಟುವ ಕಡೆ ಕನಿಷ್ಠ ಅರ್ಧ ಮೀಟರ್ ಕೆಳಗೆ. ಪೈಪಿನ ಮೇಲೆ "ಸಂಸ್ಕರಿಸಿದ ನೀರು – ಕುಡಿಯಲು ಯೋಗ್ಯವಲ್ಲ" ಎಂದು ಅಚ್ಚಾದ ಟೇಪ್ ಹೂಳಿ. ಪ್ರತಿ ಘಟಕದ ಒಳಗೆ ಅಡ್ಡಜೋಡಣೆ ಪರೀಕ್ಷೆ ಕಡ್ಡಾಯ: ಕುಡಿಯುವ ನೀರಿನ ಲೈನ್ ಮುಚ್ಚಿ ಖಾಲಿ ಮಾಡಿ, ಈ ಲೈನಿಗೆ ಮಾತ್ರ ಒತ್ತಡ ಕೊಟ್ಟು, ಎಲ್ಲ ನಲ್ಲಿ ತೆಗೆದು ನೋಡಿ. ಕುಡಿಯುವ ನಲ್ಲಿಯಲ್ಲಿ ಒಂದು ಹನಿ ಬಂದರೂ ಸಂಪರ್ಕ ಕೊಡಬೇಡಿ. ಹಳೆ ಕಟ್ಟಡಗಳಲ್ಲಿ ಪ್ಲಂಬರ್‌ಗಳು ಯಾವಾಗಲೋ ಹಾಕಿದ ಬೈಪಾಸ್‌ಗಳು ಹೀಗೆಯೇ ಸಿಕ್ಕಿಬೀಳುವುದು. ಬೋರ್ ನೀರನ್ನು ಬದಲಿಗಾಗಿ ಇದೇ ಸಂಪಿಗೆ ಬಿಡುವಾಗ ಪೈಪಿನ ಬಾಯಿ ತುಂಬಿದ ನೀರಿನ ಮಟ್ಟಕ್ಕಿಂತ 150 ಮಿ.ಮೀ. ಮೇಲಿರಲಿ, ಮುಳುಗಿರಬಾರದು.

ರೈಲ್ವೆ ಹಳಿ ಅಥವಾ ರಾಷ್ಟ್ರೀಯ ಹೆದ್ದಾರಿ ದಾಟಬೇಕಿದ್ದರೆ ಆ ಅನುಮತಿಗೆ ಇಂದೇ ಅರ್ಜಿ ಹಾಕಿ. ಉಳಿದೆಲ್ಲ ಕೆಲಸಕ್ಕಿಂತ ಅದಕ್ಕೇ ಹೆಚ್ಚು ಸಮಯ ಹಿಡಿಯುತ್ತದೆ.

ಟೆಂಡರ್ ಕಡತ (ಉತ್ತರ)

ಸಿಎಸ್‌ಆರ್ ಬಗ್ಗೆ ನೇರವಾಗಿ: ನಿಮ್ಮ ಕಾರ್ಖಾನೆಗೇ ನೀರು ತರುವ ಕೊಳವೆಗೆ ಆ ಹಣ ಬಳಸುವಂತಿಲ್ಲ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಅಡಿ ಬರುವ ನಿಯಮಗಳು ಕಂಪನಿಯ ಮಾಮೂಲಿ ವ್ಯವಹಾರದ ಭಾಗವಾದ ಖರ್ಚನ್ನು ಹೊರಗಿಡುತ್ತವೆ. ಕೆಳಗಿನ ಕೆರೆಯ ಹೂಳು, ಕಾಲುವೆ, ಊರಿನ ಶಾಲೆಗಳ ಮಳೆನೀರು ಕೊಯ್ಲು ಇಂಥವಕ್ಕೆ ಬಳಸಿ. ಅಲ್ಲೂ ಕಟ್ಟಿದ ಆಸ್ತಿ ಕಂಪನಿಯ ಹೆಸರಲ್ಲಿ ಉಳಿಯಬಾರದು, ಪಾಲಿಕೆಗೋ ಪಂಚಾಯತಿಗೋ ಸೇರಬೇಕು.

ಇದು ದಾನದ ವಿಷಯವಲ್ಲ, ಖರೀದಿಯ ವಿಷಯ. ಖರೀದಿದಾರನಂತೆ ಕೂತರೆ ಮಾತ್ರ ಗುಣಮಟ್ಟ ಕೇಳುವ ಹಕ್ಕು ಬರುತ್ತದೆ. ನಾಗಪುರದಲ್ಲಿ ಪಾಲಿಕೆಯ ಕೊಳಚೆಯನ್ನು ಶುದ್ಧೀಕರಿಸಿ ಕೊರಾಡಿ ವಿದ್ಯುತ್ ಸ್ಥಾವರಕ್ಕೆ ಒಯ್ಯುವ ಏರ್ಪಾಡು ನಿಂತದ್ದು ವಿದ್ಯುತ್ ಕಂಪನಿ ದೀರ್ಘಕಾಲದ ಗಿರಾಕಿಯಾಗಿ ಒಪ್ಪಿದ್ದರಿಂದ. ನಮ್ಮ ಮಂಗಳೂರಿನಲ್ಲೂ ನಗರದ ಸಂಸ್ಕರಿತ ನೀರು ವಿಶೇಷ ಆರ್ಥಿಕ ವಲಯಕ್ಕೆ ಹೋಗುತ್ತದೆ. ಕರ್ನಾಟಕ ಸರ್ಕಾರ 2017ರಲ್ಲೇ ನಗರ ತ್ಯಾಜ್ಯನೀರು ಮರುಬಳಕೆ ನೀತಿ ತಂದಿದೆ, ಪಾಲಿಕೆಯ ಕಡತಕ್ಕೆ ಅದನ್ನು ಲಗತ್ತಿಸಿ.

ಮೊದಲ ಕೆಲಸ, ಸಹಿ ಹಾಕಲು ಒಂದು ಕಾನೂನುಬದ್ಧ ಸಂಸ್ಥೆ. 62 ಘಟಕಗಳ ಜೊತೆ ಬೇರೆ ಬೇರೆ ಒಪ್ಪಂದ ಪಾಲಿಕೆ ಮಾಡುವುದಿಲ್ಲ. ಸಂಘ ನೋಂದಣಿಯಾಗಿದ್ದರೂ ಸಾಲ ಪಡೆಯಲು, ಬಿಲ್ ವಸೂಲಿಗೆ ಪ್ರತ್ಯೇಕ ಕಂಪನಿ ಕಟ್ಟುವುದು ವಾಸಿ. ಆಯುಕ್ತರು ಒಪ್ಪಿದರೆ ಸಾಲದು, ಅವರಿಗೆ ವರ್ಗವಾಗುತ್ತದೆ. ಕೌನ್ಸಿಲ್ ನಿರ್ಣಯ ಆಗಿರಬೇಕು, ಒಪ್ಪಂದದಲ್ಲಿ ಅದರ ಸಂಖ್ಯೆ ಇರಬೇಕು.

ಇಂಥ ಒಪ್ಪಂದಗಳು ಹೆಚ್ಚಾಗಿ ಮುರಿಯುವುದು ಎಸ್‌ಟಿಪಿ ನಡೆಸುವ ಗುತ್ತಿಗೆದಾರನ ಬಳಿ. ಪಾಲಿಕೆ ಅವನಿಗೆ ತಿಂಗಳಿಗೆ ಇಂತಿಷ್ಟು ಎಂದು ಕೊಡುತ್ತದೆ, ವಿದ್ಯುತ್ ಬಿಲ್ ಕೆಲವು ಕಡೆ ಅವನ ತಲೆಯ ಮೇಲೇ ಇರುತ್ತದೆ. ಬ್ಲೋವರ್ ಎರಡು ಗಂಟೆ ನಿಲ್ಲಿಸಿದರೆ ಅವನಿಗೆ ಉಳಿತಾಯ. ಬಿಒಡಿ ಹಾಗೂ ಹೀಗೂ ಮಿತಿಯೊಳಗೆ ಇರುತ್ತದೆ, ಅಮೋನಿಯಾ ಏರುತ್ತದೆ, ನಿಮ್ಮ ಕಂಡೆನ್ಸರ್ ತೂತಾಗುತ್ತದೆ. ಅವನಿಗೂ ನಿಮಗೂ ಯಾವ ಒಪ್ಪಂದವೂ ಇರುವುದಿಲ್ಲ. ಆದ್ದರಿಂದ ಪಾಲಿಕೆ ತನ್ನ ನಿರ್ವಹಣಾ ಗುತ್ತಿಗೆಯನ್ನು ತಿದ್ದಬೇಕು: ಮಾಸಿಕ ಪಾವತಿಯ ಒಂದು ಪಾಲು ಅಮೋನಿಯಾ, ಟರ್ಬಿಡಿಟಿ (ನೀರಿನ ಕದಡು) ಮತ್ತು ಕೊಟ್ಟ ನೀರಿನ ಪ್ರಮಾಣಕ್ಕೆ ಕಟ್ಟಿಹಾಕಿರಬೇಕು. ನೀವು ಕೊಡುವ ನೀರಿನ ದರದಿಂದಲೇ ಆ ಬೋನಸ್ ಹುಟ್ಟುತ್ತದೆ. ಈ ತಿದ್ದುಪಡಿ ಆಗುವವರೆಗೆ ಪೈಪಿಗೆ ಒಂದು ರೂಪಾಯಿ ಹಾಕಬೇಡಿ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಗುಣಮಟ್ಟವನ್ನು ಯುಎಫ್ ಒಳಹರಿವಿನಲ್ಲಿ ಅಳೆಯಿರಿ. ಟರ್ಬಿಡಿಟಿ, ಅಮೋನಿಯಾ, ವಾಹಕತೆಗೆ ಆನ್‌ಲೈನ್ ಮೀಟರ್, ಅದರ ಪರದೆ ಎರಡೂ ಕಡೆಯವರಿಗೆ ಕಾಣಬೇಕು. ಮಿತಿ ದಾಟಿದ ನೀರು ತಾನಾಗಿಯೇ ಹಳ್ಳದ ಕಡೆ ತಿರುಗಬೇಕು, ಯಾರ ಫೋನಿಗೂ ಕಾಯಬಾರದು. ಹರಿವಿನ ಮೀಟರ್ ವಿದ್ಯುತ್ಕಾಂತೀಯ ಮಾದರಿಯದು ಇರಲಿ, ನೀರು ಮೀಟರಿಗೆ ಬರುವ ಕಡೆ ವ್ಯಾಸದ 10 ಪಟ್ಟು, ದಾಟಿ ಹೋಗುವ ಕಡೆ 5 ಪಟ್ಟು ನೇರ ಪೈಪು ಬಿಡಿ. ಬೆಂಡಿನ ಪಕ್ಕದಲ್ಲೇ ಕೂರಿಸಿದ ಮೀಟರಿನಿಂದ ಎಷ್ಟು ಜಗಳಗಳಾಗುತ್ತವೆ ಹೇಳತೀರದು.

ದರಕ್ಕೆ ಒಂದು ಲೆಕ್ಕ ಕೊಡುತ್ತೇನೆ. ಒಂದು ಕೋಟಿ ಬಂಡವಾಳವನ್ನು ಶೇ 10 ಬಡ್ಡಿಯಲ್ಲಿ 15 ವರ್ಷಕ್ಕೆ ತೀರಿಸಲು ವರ್ಷಕ್ಕೆ 13.15 ಲಕ್ಷ ಬೇಕು. ದಿನಕ್ಕೆ 1,800 ಕಿಲೋಲೀಟರ್ ಪೂರ್ತಿ ಮಾರಾಟವಾದರೆ, ಪ್ರತಿ ಒಂದು ಕೋಟಿ ಬಂಡವಾಳ ಕಿಲೋಲೀಟರಿಗೆ 2 ರೂಪಾಯಿ ಸೇರಿಸುತ್ತದೆ. ಮಾರಾಟ ಶೇ 80 ಆದರೆ 2.50, ಅರ್ಧಕ್ಕೆ ಇಳಿದರೆ 4 ರೂಪಾಯಿ. ನಿಮ್ಮ ಬಂಡವಾಳ ಎಷ್ಟು ಕೋಟಿಯೋ ಅದರಿಂದ ಗುಣಿಸಿ. ವಿದ್ಯುತ್, ರಾಸಾಯನಿಕ, ಸಿಬ್ಬಂದಿ, ಐದಾರು ವರ್ಷಕ್ಕೊಮ್ಮೆ ಯುಎಫ್ ಪೊರೆ ಬದಲಾವಣೆ, ಪಾಲಿಕೆಯ ಮೂಲ ದರ ಸೇರಿಸಿ. ಬಂದ ಅಂಕಿಯನ್ನು ಟ್ಯಾಂಕರ್ ದರದ ಜೊತೆ ಮಾತ್ರ ಹೋಲಿಸಬೇಡಿ. ಬೋರ್‌ವೆಲ್ ಎತ್ತುವ ವಿದ್ಯುತ್ ಖರ್ಚಷ್ಟೇ ಇರುವ ಸದಸ್ಯರು ಮಳೆಗಾಲದಲ್ಲಿ ಕೈಬಿಡುತ್ತಾರೆ. ಹಾಗಾಗಿ ಕನಿಷ್ಠ ಖರೀದಿ ಷರತ್ತು ಬೇಕು: ಒಪ್ಪಿದ ಪ್ರಮಾಣದ ಶೇ 75ಕ್ಕೆ, ಎತ್ತಿದರೂ ಬಿಟ್ಟರೂ ದುಡ್ಡು. ಪಾಲಿಕೆಯೂ ಕೊಡದಿದ್ದರೆ ಅಷ್ಟೇ ದಂಡ ಕಟ್ಟಬೇಕು. ಒಂದೇ ಕಡೆಗೆ ಷರತ್ತು ಹಾಕಿದ ಕರಡನ್ನು ಯಾವ ಬ್ಯಾಂಕೂ ಒಪ್ಪುವುದಿಲ್ಲ.

ಎಸ್ಟೇಟ್ ಕಾರ್ಯದರ್ಶಿ

ಎಲ್ಲರಿಗೂ ಧನ್ಯವಾದ. ಗುತ್ತಿಗೆದಾರನ ವಿಷಯ ನಮ್ಮ ಕರಡಿನಲ್ಲಿ ಇರಲೇ ಇಲ್ಲ. ಎರಡು ಸಂದೇಹ ಉಳಿದಿವೆ. ದಿನಕ್ಕೆ 2.2 ಲಕ್ಷ ಲೀಟರ್ ಆರ್‌ಒ ರಿಜೆಕ್ಟ್ ಏನು ಮಾಡುವುದು, ಬಿಸಿಲಿನಲ್ಲಿ ಒಣಗಿಸಬಹುದೇ? ಎರಡನೆಯದು, ಹಳ್ಳದಲ್ಲಿ ಮೋಟರ್ ಇಟ್ಟುಕೊಂಡಿರುವ ರೈತರು ಈಗಲೇ ಆಕ್ಷೇಪ ಎತ್ತಿದ್ದಾರೆ.

ನೀರಗಂಟಿ

ಒಣಗಿಸುವ ಹೊಂಡದ ಲೆಕ್ಕ ಹೀಗೆ. ನಿವ್ವಳ ಆವಿಯಾಗುವಿಕೆ ದಿನಕ್ಕೆ 4 ಮಿ.ಮೀ. ಹಿಡಿದರೆ 220 ಘನ ಮೀಟರಿಗೆ 55,000 ಚದರ ಮೀಟರ್ ಬೇಕು, ಹದಿಮೂರೂವರೆ ಎಕರೆ. ಮಳೆಗಾಲದಲ್ಲಿ ಅದೂ ತುಂಬಿ ಹರಿಯುತ್ತದೆ. ಕೈಬಿಡಿ.

ರಿಜೆಕ್ಟ್ ಹುಟ್ಟುವ ಕಡೆಯೇ ಕಡಿಮೆ ಮಾಡಿ. ಬಣ್ಣದ ಘಟಕದ 5 ಲಕ್ಷ ಪೂರ್ತಿ ಆರ್‌ಒ ಆಗಬೇಕಿಲ್ಲ. ಮೊದಲ ತೊಳೆತಗಳಿಗೆ, ನೆಲ ಮತ್ತು ಯಂತ್ರ ತೊಳೆಯಲು, ಕಾರ್ಬನ್ ಫಿಲ್ಟರ್ ಮತ್ತು ಸಾಫ್ಟ್‌ನರ್ ದಾಟಿದ ಯುಎಫ್ ನೀರು ನಡೆಯುತ್ತದೆ. ಬಣ್ಣದ ತೊಟ್ಟಿ ಮತ್ತು ಕೊನೆ ತೊಳೆತಕ್ಕೆ 2 ಲಕ್ಷ, ಬಾಯ್ಲರಿಗೆ ಒಂದೂವರೆ. ಆರ್‌ಒ ಬೇಡಿಕೆ ಮೂರೂವರೆ ಲಕ್ಷಕ್ಕೆ ಇಳಿಯಿತು, ರಿಜೆಕ್ಟ್ 1.2 ಲಕ್ಷ. ಅದನ್ನು ಎರಡನೇ ಹಂತದ ಆರ್‌ಒಗೆ ಕೊಟ್ಟರೆ ಅರ್ಧ ವಾಪಸ್, ಉಳಿದದ್ದು 60 ಸಾವಿರ ಲೀಟರ್. ಎರಡನೇ ಹಂತದಲ್ಲಿ ಸಿಲಿಕಾ ಪದರ ಕಟ್ಟುವ ಭಯ ಇದೆ, ಆದ್ದರಿಂದ ಸಿಲಿಕಾ ಸಂಖ್ಯೆ ಇಲ್ಲದೆ ವಿನ್ಯಾಸ ಮಾಡಿಸಬೇಡಿ. ಶೂನ್ಯ ವಿಸರ್ಜನೆ (ತ್ಯಾಜ್ಯನೀರು ಹೊರಗೆ ಬಿಡಬಾರದೆಂಬ) ಷರತ್ತು ಇರುವ ಬಣ್ಣದ ಘಟಕಗಳಲ್ಲಿ ಈಗಾಗಲೇ ಬಹುಹಂತದ ಆವಿಕಾರಕ ಇರುತ್ತದೆ, ಅದರಲ್ಲಿ ಎಷ್ಟು ಜಾಗ ಖಾಲಿ ಇದೆ ನೋಡಿ. ಸಾಫ್ಟ್‌ನರ್ ಉಪ್ಪುನೀರನ್ನೂ ಅಲ್ಲಿಗೇ ಕಳಿಸಿ, ಮೋರಿಗೆ ಬಿಡಬಾರದು.

ರೈತರ ಮಾತು ನ್ಯಾಯವಾದದ್ದು, ಅವರನ್ನು ಬದಿಗೆ ಸರಿಸಿ ಯೋಜನೆ ಮಾಡಬೇಡಿ. ಬೇಸಿಗೆಯಲ್ಲಿ ಆ ಹಳ್ಳದಲ್ಲಿ ಇರುವುದು ಎಸ್‌ಟಿಪಿ ನೀರೇ. 6ರಲ್ಲಿ 2 ಎತ್ತಿದರೆ 4 ಉಳಿಯುತ್ತದೆ. ಆದರೆ ಅದು ಉಳಿಯುತ್ತದೆ ಎಂಬ ಖಾತರಿ ಕಾಗದದಲ್ಲಿ ಇರಬೇಕು: ದಿನಕ್ಕೆ ಕನಿಷ್ಠ 3.5 ಎಂಎಲ್‌ಡಿ ಹಳ್ಳಕ್ಕೆ ಬಿಡಲೇಬೇಕು, ಒಳಹರಿವು ಕಡಿಮೆಯಾದರೆ ಕಡಿತ ಮೊದಲು ಕೈಗಾರಿಕೆಗೆ, ಆಮೇಲೆ ಹಳ್ಳಕ್ಕೆ. ಹಳ್ಳದ ಬಾಯಲ್ಲಿ ವಿ-ನಾಚ್ (ಹರಿವು ಅಳೆಯುವ ವಿ ಆಕಾರದ ಕಿಂಡಿ) ಕಟ್ಟಿ ಪಕ್ಕದಲ್ಲಿ ಅಳತೆಪಟ್ಟಿ ನೆಡಿಸಿ. ಯಾವ ರೈತರಾದರೂ ಬಂದು ನೋಡಿ ಎಷ್ಟು ಹೋಗುತ್ತಿದೆ ಎಂದು ಹೇಳುವಂತಿರಲಿ. ಎಸ್‌ಟಿಪಿ 10 ಎಂಎಲ್‌ಡಿಗೆ ಕಟ್ಟಿದ್ದು, 6 ಮಾತ್ರ ಬರುತ್ತಿದೆ ಎಂದರೆ ಉಳಿದ ಬಡಾವಣೆಗಳ ಮನೆಗಳು ಒಳಚರಂಡಿಗೆ ಸೇರಿಲ್ಲ. ಪಾಲಿಕೆ ಆ ಸಂಪರ್ಕಗಳನ್ನು ಮುಗಿಸಿದರೆ ಎಲ್ಲರಿಗೂ ನೀರು ಹೆಚ್ಚುತ್ತದೆ. ಮನೆ ಸಂಪರ್ಕಗಳಿಗೆ ವರ್ಷವಾರು ಗುರಿ ಹಾಕಿ ಅದನ್ನೂ ಒಪ್ಪಂದದ ಅನುಬಂಧಕ್ಕೆ ಸೇರಿಸಿ.

ಟೆಂಡರ್ ಕಡತ

ನೀರಗಂಟಿಯವರು ಹೇಳಿದ ಕಡಿತದ ಕ್ರಮಕ್ಕೆ ಹೊಂದುವಂತೆ ಕನಿಷ್ಠ ಖರೀದಿಯ ಷರತ್ತನ್ನು ತಿಂಗಳ ಲೆಕ್ಕದಲ್ಲಿ ಬೇಡ, ವರ್ಷದ ಲೆಕ್ಕದಲ್ಲಿ ಇಡಿ. ಮಳೆಗಾಲದಲ್ಲಿ ಕಡಿಮೆ ಎತ್ತಿ ಬೇಸಿಗೆಯಲ್ಲಿ ಸರಿದೂಗಿಸಬಹುದು. ಹಳ್ಳಕ್ಕೆ ಬಿಡಲೆಂದು ಕಡಿತವಾದ ದಿನಗಳಿಗೆ ಪಾಲಿಕೆಗೂ ದಂಡ ಬೀಳಬಾರದು, ನಿಮಗೂ ಕನಿಷ್ಠ ಬಿಲ್ ಬರಬಾರದು. ಅದನ್ನು ಪ್ರತ್ಯೇಕ ವಾಕ್ಯವಾಗಿ ಬರೆಸಿ. ಇನ್ನೊಂದು, ಪ್ರತಿ ಸದಸ್ಯ ಘಟಕದ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರದಲ್ಲಿ ನೀರಿನ ಮೂಲ ಬೋರ್‌ವೆಲ್ ಎಂದಿರುತ್ತದೆ. ಸಂಪರ್ಕ ಪಡೆಯುವ ಮುಂಚೆ ಅದನ್ನು ತಿದ್ದಿಸಿಕೊಳ್ಳಲಿ. ಎಲ್ಲರ ಅರ್ಜಿಯನ್ನು ಸಂಘವೇ ಒಟ್ಟುಮಾಡಿ ಪ್ರಾದೇಶಿಕ ಕಚೇರಿಗೆ ಕೊಟ್ಟರೆ ಓಡಾಟ ತಪ್ಪುತ್ತದೆ.